ಮಾಳಿಗಿ ಮ್ಯಾಲಿನ ಬೀಗರು

ನಂಬ್ರಿ, ಬಿಡ್ರಿ, ಹೋದ ಬ್ಯಾಸಗ್ಯಾಗ ಆದದ್ದು ಇದು. ಮೈಂದರ್ಗಿ ಹತ್ರದ ನಮ್ಮ ಊರು ಮೊದಲ ಬೋರಿ ಹೊಳಿ ದಂಡಿಗೇ ಇತ್ತಂತ. ಹೊಳಿ ನೀರು ಮನಿ ಹೊಕ್ಕ ಮ್ಯಾಲ ಮಂದಿ ದಿನ್ನಿ ಏರಿ ಹೊಸ ಊರು ಕಟ್ಟಿದ್ರು, ಕೆಳಗ ಹಾಳೂರಿನ ದಿಬ್ಬ ಉಳೀತು. ಅಲ್ಲಿನ ಬಿಳಿ ಮಣ್ಣು ಮಾಳಿಗಿಗೆ ಹಾಕಿದ್ರ ಮಳಿಗಾಲದಾಗ ಒಂದು ಹನಿ ಸೋರಂಗಿಲ್ಲ. ಆದ್ರ ಮಣ್ಣು ತಗೊಂಡು ಸುಮ್ಮನ ಬರಬೇಕು, ಅಲ್ಲಿ ಮಾತಾಡಬಾರದು ಅಂತ ನಮ್ಮಜ್ಜ ಹೇಳ್ತಿದ್ದ. ನಾನು ಟ್ರ್ಯಾಲಿ ತುಂಬಿಸಿ, ಹೊಂಟಾಗ ಯಾರೂ ಇಲ್ಲದ ದಿಬ್ಬದ ಕಡಿ ತಿರುಗಿ, ರೂಢಿಯಂಗ "ಮನಿ ಕಡಿ ಬರ್ರಿ ಒಮ್ಮಿ" ಅಂದ್ಬಿಟ್ಟೆ. ಎಸ್‌ಟಿ ಬಸ್ಸಿನ ಕಂಡಕ್ಟರ್‌ಗೂ ಹಂಗ ಅಂತೀನಿ, ಅವಾ ಎಂದೂ ಬಂದಿಲ್ಲ.

ಇವರು ಬಂದ್ರು.

ಮಣ್ಣು ಹಾಕಿದ ಮರುದಿನ ಮಟಮಟ ಮಧ್ಯಾಹ್ನ ಮಾಳಿಗಿ ಮ್ಯಾಲ ರೊಟ್ಟಿ ಬಡಿಯೋ ಸಪ್ಪಳ. ಏರಿ ನೋಡಿದ್ರ ಯಾರೂ ಇಲ್ಲ. ಬಿಸಿಲಿಗೆ ಕಾಲು ಸುಡಾಕತ್ತಿದ್ವು, ಒಂದು ಮೂಲಿ ಮಾತ್ರ ಹೊಳಿ ನೀರಿನಂಗ ತಣ್ಣಗಿತ್ತು. ದಿನಾ ಅದೇ ಹೊತ್ತಿಗೆ ಸಪ್ಪಳ, ಹೊತ್ತಿದ ರೊಟ್ಟಿ ವಾಸನಿ. ನಾನು ಅಂಜಿ ದನದ ಕೊಟ್ಟಿಗಿ ಸೇರಿದೆ. ನನ್ನ ಹೆಂಡತಿ ದ್ರೌಪದಿ ಮಾತ್ರ ಮ್ಯಾಲ ಮುಖ ಮಾಡಿ, "ಯವ್ವಾ, ಉರಿ ಸಣ್ಣ ಮಾಡು" ಅಂದ್ಳು. ಮರುದಿನದಿಂದ ಹೊತ್ತಿದ ವಾಸನಿ ಬರಲಿಲ್ಲ.

ಮೊದಲ ಮಳಿ ಬಿದ್ದ ದಿನ ಸಪ್ಪಳ ನಿಂತಿತು. ನಿಚ್ಚಣಿಕಿ ಮ್ಯಾಲಿಂದ ಕೆಳತನಕ ಕಿರುಗುಟ್ಟಿತು. ಯಾರೂ ಇಲ್ಲದ ಬಾಗಲಾಗ ಒಬ್ಬ ಮುದುಕಿ ದನಿ: "ಹೋಗಿ ಬರ್ತೀವ್ರಿ. ನೀವೂ ನಮ್ಮ ಮನಿ ಕಡಿ ಬರ್ರಿ."

ನಾನು ಸುಮ್ಮನಿರು ಅಂತ ಕೈ ಮಾಡೂದ್ರಾಗ, ಒಲಿ ಮುಂದ ಕುಂತ ದ್ರೌಪದಿ ತಲಿ ಎತ್ತದ, ರೂಢಿಯಂಗ, "ಹೂಂನ್ರಿ, ಬಂದೇ ಬರ್ತೀವಿ" ಅಂದ್ಬಿಟ್ಳು.