ಹುರುಳಿ ಹಾಸಿದ ದಾರಿ

ಕಾರು ಮತ್ತೆ ಗಕ್ಕನೆ ನಿಂತಿತು. ಹಿಂದಿನ ಆಸನದಲ್ಲಿ ಒರಗಿದ್ದ ಪುಟ್ಟಸ್ವಾಮಪ್ಪನವರ ತಲೆ ಮುಂದಕ್ಕೆ ವಾಲಿ, ಸೀಟ್ ಬೆಲ್ಟು ಎದೆಗೆ ಒತ್ತಿತು. "ಮುಂದೆ ಅಪರಿಚಿತ ವಸ್ತು. ನಿಮ್ಮ ಕ್ಷೇಮಕ್ಕಾಗಿ ನಿಲ್ಲಿಸಲಾಗಿದೆ" ಎಂದು ಕಾರು ಬೆಣ್ಣೆಯಂಥ ದನಿಯಲ್ಲಿ ಹೇಳಿತು. ಪಕ್ಕದಲ್ಲಿದ್ದ ಅವರ ಹೆಂಡತಿ, ನಿವೃತ್ತ ಶಿಕ್ಷಕಿ ಚೆನ್ನಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಅಪರಿಚಿತ ವಸ್ತು ಬರೀ ಹುರುಳಿ ಗಿಡ.

ಚಾಮರಾಜನಗರದ ಕಡೆ ಒಕ್ಕಣೆಯ ಕಣಗಳೆಲ್ಲ ಸೈಟುಗಳಾಗಿ ಎಷ್ಟೋ ಕಾಲವಾಗಿತ್ತು. ಕಿತ್ತ ಹುರುಳಿಯನ್ನು ಡಾಂಬರು ರಸ್ತೆಗೇ ಹರಡಿ, ಓಡಾಡುವ ಲಾರಿ ಬಸ್ಸುಗಳ ಚಕ್ರದಿಂದ ಕಾಳು ಉದುರಿಸಿಕೊಳ್ಳುವುದು ಅಲ್ಲಿಯ ರೂಢಿ. ತಾನೇ ಓಡುವ, ಸದ್ದೇ ಮಾಡದ 'ಸಾರಥಿ' ಕಾರಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಮೂತಿಯಲ್ಲಿದ್ದ ದಾರಿಗಣ್ಣು ಎಂಬ ಉಪಕರಣ ಕಾಣದ ಕಿರಣಗಳನ್ನು ಚೆಲ್ಲಿ ರಸ್ತೆಯನ್ನು ತಡವಿ ನೋಡುತ್ತಿತ್ತು. ಗುರುತು ಸಿಗದ್ದು ಎದುರಾದರೆ ಸ್ವಯಂಸ್ತಂಭಕ ಎಂಬ ಬ್ರೇಕು ಚಕ್ರಗಳನ್ನು ಕಚ್ಚಿ ಹಿಡಿಯುತ್ತಿತ್ತು. ಗಿಡ ಸರಿಸುವ ತನಕ ಕಾರು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಸರಿಸಲು ಬರುತ್ತಿದ್ದವಳು ಆ ಹುರುಳಿಯ ಒಡತಿ ದುಂಡಮ್ಮ. ಮೊದಮೊದಲು ಬೈದುಕೊಂಡೇ ಬರುತ್ತಿದ್ದಳು. ಬರಬರುತ್ತ ಅವಳಿಗೆ ಈ ಕಾರುಗಳೊಂದಿಗೆ ಸಲಿಗೆಯೇ ಬೆಳೆಯಿತು. ಬಿಸಿಲಿಗೆ ದಣಿದಾಗ ರಸ್ತೆಯ ಮೇಲಿನ ರಾಶಿಯಲ್ಲೇ ಕಾಲು ಚಾಚುತ್ತಿದ್ದಳು.

"ಲಾರಿ ಸದ್ದಾದ್ರ ಎದ್ದೋಡ್ತೀನಿ ಕನವ್ವ. ನಿಮ್ದು ಬಂದ್ರ ಏನು ಭಯ? ಗಿಡ ಕಂಡ್ರ ನಿಂತ್ಕತದ" ಎಂದು ನಕ್ಕು, ಕಿಟಕಿಯೊಳಗೆ ಒಂದು ಹಿಡಿ ಅವರೆಕಾಯಿ ಸುರಿದಳು.

ಚೆನ್ನಾಜಮ್ಮನಿಗೆ ನಗು ಬರಲಿಲ್ಲ. ಗಂಡನಿಗೆ ಮೈಸೂರಿನಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ತಡವಾಗಿ ಹೋದರೆ ಉಳಿದ ಹೊತ್ತಿನಲ್ಲೇ ಮುಗಿಸಿ ಹಾಸಿಗೆ ಬಿಟ್ಟುಕೊಡಬೇಕು. ಹೀಗೆ ಚಿಕಿತ್ಸೆ ಅರೆಬರೆಯಾಗಿ ಅವರ ಕಾಲು ಬಾತಿತ್ತು, ಉಸಿರು ಎಳೆಯುತ್ತಿತ್ತು. ಆಕೆ ದೂರಿನ ಮೇಲೆ ದೂರು ಕೊಟ್ಟರು. ಕಾರು ಸರಿಯಾಗಿಯೇ ಇದೆ, ನಿಲ್ಲುವುದೇ ಅದರ ಗುಣ ಎಂಬ ಉತ್ತರ ಬರುತ್ತಿತ್ತು. ಬೇರೆ ಮಾಲೀಕರೂ ದನಿಗೂಡಿಸಿದ ಮೇಲೆ ಕಂಪನಿಗೆ ಬಿಸಿ ಮುಟ್ಟಿತು. ದಾರಿಗಣ್ಣನ್ನು ರೂಪಿಸಿದ ವಿಜ್ಞಾನಿ ಡಾ. ಭಾರ್ಗವಿಯೇ ಮನೆಗೆ ಬಂದಳು.

ಚಿಕ್ಕ ವಯಸ್ಸಿನ, ಸೌಮ್ಯ ಹೆಣ್ಣುಮಗಳು. ಹುರುಳಿ ಗಿಡವನ್ನು ಹಾಯ್ದುಹೋಗಬಹುದಾದ ವಸ್ತು ಎಂದು ಕಲಿಸಿಬಿಟ್ಟರೆ ಎಲ್ಲ ಸಾರಥಿಗಳೂ ಒಂದೇ ಸಲಕ್ಕೆ ಕಲಿಯುತ್ತವೆ, ಇದಕ್ಕೆ ಅರಿವು ತಿದ್ದುಪಡಿ ಎನ್ನುತ್ತೇವೆ ಎಂದು ಬಿಡಿಸಿ ಹೇಳಿದಳು. ಎದುರಿಗೆ ಮನುಷ್ಯರು ಕಂಡರೆ ಮಾತ್ರ ಈಗಿನಂತೆಯೇ ನಿಲ್ಲುತ್ತವೆ ಎಂದೂ ಸೇರಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಆ ಗಿಡದೊಳಗೆ ಏನಾದರೂ ಇರುವುದುಂಟೇ ಅಮ್ಮ?"

"ಕಾಳು ಬಿಟ್ಟರೆ ಇನ್ನೇನಿರುತ್ತೆ ಮೇಡಂ? ಮೊದಲು ಅದು ಓಡೋ ಹಾಗೆ ಮಾಡಿ."

ತಿದ್ದುಪಡಿಯ ಸುದ್ದಿ ಮಾಲೀಕರೆಲ್ಲರಿಗೂ ತಲುಪಿತು. ದುಂಡಮ್ಮನಿಗೆ ಯಾರು ಹೇಳಬೇಕು? ಅವಳು ಕಾರಿನ ಮಾಲೀಕಳಲ್ಲವಲ್ಲ.

ಮುಂದಿನ ಪಯಣದಲ್ಲಿ ಕಾರು ಗಿಡದ ಮೇಲೆ ಸರಬರ ಸದ್ದು ಮಾಡುತ್ತ ಹಾಯ್ದುಹೋಗತೊಡಗಿತು. ಪುಟ್ಟಸ್ವಾಮಪ್ಪನವರು ಬಹಳ ದಿನಗಳ ಮೇಲೆ ನಕ್ಕರು. ಅಷ್ಟರಲ್ಲಿ ಒಂದು ಬದಿಯ ಚಕ್ರ ಯಾವುದೋ ದಿಂಬಿನ ಮೇಲೆ ಹತ್ತಿಳಿದಂತಾಯಿತು. "ಹುರುಳಿ ಗಿಡ. ಪ್ರಯಾಣ ಸುಗಮವಾಗಿದೆ" ಎಂದಿತು ಕಾರು.

ಚೆನ್ನಾಜಮ್ಮ ಹಿಂತಿರುಗಿ ನೋಡಿದರು. ಬಿಸಿಲು ತಾಗದಿರಲೆಂದು ಮೈತುಂಬ ಎಳೆದುಕೊಂಡಿದ್ದ ಗಿಡಗಳ ನಡುವೆ ಹಸಿರು ಬಳೆಯ ಕೈಯೊಂದು ಹೊರಗೆ ಬಿದ್ದಿತ್ತು. ನಿಲ್ಲಿಸು ಎಂದು ಕೂಗಿದರು.

"ಗಿಡ ಇರುವಲ್ಲಿ ನಿಲ್ಲುವ ಬಗ್ಗೆ ನೀವು ದೂರು ನೀಡಿದ್ದೀರಿ. ಮುಂದಿನ ತಂಗುದಾಣದಲ್ಲಿ ನಿಲ್ಲಿಸುತ್ತೇನೆ."

ಅಲ್ಲಿಂದ ಆಕೆ ಚಪ್ಪಲಿ ಬಿಟ್ಟು ಹಿಂದಕ್ಕೆ ಓಡಿದರು. ಓಡಿ ಏನು ಬಂತು? ದುಂಡಮ್ಮನ ಉಸಿರು ನಿಂತುಹೋಗಿತ್ತು.

ರಸ್ತೆಯಲ್ಲಿ ಮಲಗುವುದು ನಿಯಮಕ್ಕೆ ವಿರುದ್ಧ ಎಂದು ಕಂಪನಿ ಕೈತೊಳೆದುಕೊಂಡಿತು. ತಿದ್ದುಪಡಿಯನ್ನು ಹಿಂತೆಗೆಯಲೂ ಇಲ್ಲ, ಮಾಲೀಕರು ಒಪ್ಪಬೇಕಲ್ಲ. ಡಾ. ಭಾರ್ಗವಿ ಮಾತ್ರ ಫೋನು ಮಾಡಿ ಅತ್ತಳು.

"ಕಾರು ನಿಂತದ್ದಕ್ಕೆ ಬಂದ ದೂರುಗಳು ನಮ್ಮಲ್ಲಿ ರಾಶಿ ಬಿದ್ದಿವೆ ಅಮ್ಮ. ಅದು ನಿಂತದ್ದರಿಂದ ಬದುಕಿಕೊಂಡವರು ಯಾರೂ ನಮಗೆ ಬರೆದಿರಲಿಲ್ಲ."

ಚೆನ್ನಾಜಮ್ಮ ಸಮಾಧಾನ ಹೇಳಲಿಲ್ಲ. ಗಿಡದೊಳಗೆ ಏನಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ತಾವೇ. ದುಂಡಮ್ಮ ಕೊಟ್ಟ ಅವರೆಕಾಯಿಯ ಸಾರನ್ನು ಉಂಡವರೂ ತಾವೇ.

ಆದರೂ ಡಯಾಲಿಸಿಸ್ ತಪ್ಪಿಸುವಂತಿರಲಿಲ್ಲ. ಮತ್ತೆ ಹೊರಟ ದಿನ, ಹುರುಳಿ ಹಾಸು ಶುರುವಾಗುವ ಮೊದಲೇ ಆಕೆ ಕಾರು ನಿಲ್ಲಿಸಿ ಇಳಿದರು. ಸೀರೆ ಎತ್ತಿ ಕಟ್ಟಿ, ಗಿಡಗಳನ್ನು ಕಾಲಿನಿಂದ ಕೆದಕಿ ನೋಡುತ್ತ ನಡುರಸ್ತೆಯಲ್ಲಿ ನಡೆದರು. ಮನುಷ್ಯರನ್ನು ಗುರುತಿಸುವ ಕಾರು ಅವರ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಬಂತು. ಗಾಜಿನ ಹಿಂದೆ ಗಂಡ ಉಸಿರಿಗಾಗಿ ಬಾಯಿ ತೆರೆದು ಕೂತಿದ್ದರು. ತಡವಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಹಿಂದೆ ಸಾಲುಗಟ್ಟಿದ ಸಾರಥಿಗಳೊಳಗೆ ಮಾಲೀಕರು ಆಗಲೇ ದೂರು ಕೊಡುತ್ತಿದ್ದರು: ದಾರಿಗೆ ಅಡ್ಡವಾಗಿ ಒಬ್ಬ ಮುದುಕಿ ನಡೆಯುತ್ತಿದ್ದಾಳೆ, ಕಾರು ಮುಂದೆ ಹೋಗುತ್ತಿಲ್ಲ, ಬೇಗ ಸರಿಪಡಿಸಿ.