ಎರಡು ಸೈಜ್ ದೊಡ್ಡದು

ಹೊಸ ಟೈರಿನ ವಾಸನೆ ಎಂದರೆ ಅವಳಿಗೆ ಊಟದ ವಾಸನೆ. ಚಿಕ್ಕವಳಿದ್ದಾಗ ಶಾಲೆಯಿಂದ ನೇರ ಅಪ್ಪನ ಟೈರ್ ಅಂಗಡಿಗೆ ಬರುತ್ತಿದ್ದಳು. ಒಂದರ ಮೇಲೊಂದು ಪೇರಿಸಿದ ಟೈರುಗಳ ಟೊಳ್ಳಿನೊಳಗೆ, ಧೂಳು ತಾಗದ ಹಾಗೆ, ಅಪ್ಪ ಅವಳ ಡಬ್ಬಿ ಇಟ್ಟಿರುತ್ತಿದ್ದ. ತುದಿಗಾಲಲ್ಲಿ ನಿಂತು ಕೈ ಇಳಿಬಿಟ್ಟು ತೆಗೆದರೆ ಡಬ್ಬಿಗೂ ತುತ್ತಿಗೂ ಬೆರಳಿಗೂ ಒಂದೇ ವಾಸನೆ.

ಇಪ್ಪತ್ತೈದು ವರ್ಷದ ಮೇಲೂ ಡಬ್ಬಿಯ ಜಾಗ ಬದಲಾಗಿರಲಿಲ್ಲ. ಅಂಗಡಿ ಮಾತ್ರ ಈಗ ಅವಳದು. ಬೆನ್ನು ಹಿಡಿದುಕೊಂಡ ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಿದ್ದ. ಊರಿಗೆ ಊರೇ ಅವಳನ್ನು ‘ಟೈರಕ್ಕ’ ಎನ್ನುತ್ತಿತ್ತು. ಅಜ್ಜನ ವಯಸ್ಸಿನ ಲಾರಿ ಡ್ರೈವರುಗಳೂ ಹಾಗೇ ಕರೆಯುತ್ತಿದ್ದರು. ಹಾಗೆ ಕರೆಯದವನು ಒಬ್ಬನೇ, ದನದ ಡಾಕ್ಟರು. ಬಾಯಲ್ಲಿ ಅವಳು ಅವನನ್ನು ‘ಡಾಕ್ಟ್ರೇ’ ಎನ್ನುತ್ತಿದ್ದಳು. ಮನಸ್ಸಿನಲ್ಲಿ, ವಿಶೇಷವಾಗಿ ಈ ಒಂದು ವಾರದಿಂದ, ಬೇರೆ ಏನೇನೋ.

ಆ ಮಧ್ಯಾಹ್ನ ಅವನ ಪುಟ್ಟ ಎಸ್‌ಯುವಿ ಅಂಗಳಕ್ಕೆ ತಿರುಗುವಾಗಲೇ ಕರಕರ ಎಂದಿತು. ಟೈರು ಚಕ್ರದ ಗೂಡಿಗೆ ಉಜ್ಜುತ್ತಿದೆ ಎಂದು ಅವಳಿಗೆ ತಲೆ ಎತ್ತದೆಯೇ ಗೊತ್ತಾಯಿತು. ತಲೆ ಎತ್ತಿದಾಗ ಕೋಪ ನೆತ್ತಿಗೇರಿತು. ಮಗು ಅಪ್ಪನ ಬೂಟು ತೊಟ್ಟು ನಿಂತ ಹಾಗಿತ್ತು ಗಾಡಿ.

ವಾರದ ಹಿಂದೆ ಅವನು ಇದೇ ಟೈರು ಬೇಕೆಂದು ಅವಳಲ್ಲಿಗೇ ಬಂದಿದ್ದ. ಗುಡ್ಡದ ಮೇಲಿನ ಹಟ್ಟಿಗಳಿಗೆ ಹೋಗುವ ಕ್ವಾರಿ ರಸ್ತೆ ಕಿತ್ತುಹೋಗಿದೆ, ಗಾಡಿಯ ಹೊಟ್ಟೆಗೆ ಕಲ್ಲು ಬಡಿಯುತ್ತಿದೆ, ಎರಡು ಸೈಜ್ ದೊಡ್ಡ ಟೈರು ಹಾಕಿಕೊಡಿ ಎಂದಿದ್ದ. ಒಂದು ಸೈಜ್ ಆದೀತು, ಎರಡು ಆಗದು ಎಂದು ಅವಳು ತಾಳ್ಮೆಯಿಂದಲೇ ವಿವರಿಸಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಹಾಗೆ ಗೂಡು ಇದ್ದಷ್ಟೇ ಟೈರು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಉಜ್ಜುತ್ತದೆ, ಮೀಟರ್ ಅರವತ್ತು ತೋರಿಸುವಾಗ ಗಾಡಿ ಅರವತ್ತೈದರಲ್ಲಿ ಓಡುತ್ತಿರುತ್ತದೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಅವನು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಮತ್ತೆ, “ಎರಡು ಆಗೋದೇ ಇಲ್ವಾ?” ಎಂದಿದ್ದ.

ನಾಲ್ಕು ಜನ ಗಿರಾಕಿಗಳ ಎದುರು ಅವಳು ಸಿಡಿದಿದ್ದಳು. ಎದುರಿನ ಅಂಗಡಿಗೆ ಹೋಗಿ, ಟ್ರ್ಯಾಕ್ಟರ್ ಚಕ್ರ ಬೇಕಾದರೂ ಹಾಕಿಕೊಡುತ್ತಾರೆ ಎಂದಿದ್ದಳು.

ಮಹರಾಯ ಹೋಗಿಯೇ ಬಿಟ್ಟ. ಅಲ್ಲಿ ಬ್ಲೇಡು ಹಿಡಿದು ಗೂಡಿನ ಒಳಪದರ ಕತ್ತರಿಸಿದ್ದನ್ನು ರಸ್ತೆಯ ಈಚೆಯಿಂದ ಅವಳು ಕಣ್ಣಾರೆ ಕಂಡಿದ್ದಳು.

ಕೋಪ ಅಂದಿನದಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದಳೇನೋ. ವರ್ಷಕ್ಕೆ ಎರಡು ಸಲ ಮಾಡಿಸಿದರೆ ಸಾಕಾದ ವೀಲ್ ಅಲೈನ್‌ಮೆಂಟನ್ನು ಅವನು ತಿಂಗಳಿಗೊಮ್ಮೆ ಮಾಡಿಸುತ್ತಿದ್ದ. ಒಂದು ಸಲವೂ ಚಕ್ರಗಳು ಕೂದಲೆಳೆಯಷ್ಟೂ ಆಚೀಚೆ ಆಗಿರುತ್ತಿರಲಿಲ್ಲ. ಹೆಂಗಸಿನ ಕೈಕೆಲಸ ಎಂದು ನಂಬಿಕೆಯಿಲ್ಲ, ಪರೀಕ್ಷೆ ಮಾಡಲು ಬರುತ್ತಾನೆ ಎಂದು ಅವಳು ತೀರ್ಮಾನಿಸಿದ್ದಳು. ಅದಕ್ಕಿಂತ ದೊಡ್ಡ ಸಿಟ್ಟು ತನ್ನ ಮೇಲೆಯೇ. ಅವನು ಬರುವ ಗುರುವಾರ ಕೈಯ ಗ್ರೀಸನ್ನು ಎರಡೆರಡು ಸಲ ತಿಕ್ಕಿ ತೊಳೆಯುತ್ತಿದ್ದಳು. ತನ್ನನ್ನು ನಂಬದವನಿಗಾಗಿ ಉಗುರಿನ ಸಂದಿ ತೊಳೆಯುವ ಮೂರ್ಖಿ ಊರಲ್ಲಿ ಇನ್ನೊಬ್ಬಳಿಲ್ಲ. ಇವತ್ತು ಇದಕ್ಕೆ ಕೊನೆ ಹಾಡಬೇಕು, ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತಬೇಡಿ ಎಂದು ಹೇಳಿಯೇಬಿಡಬೇಕು.

ಅವನು ಇಳಿದು, ತಿರುವಿನಲ್ಲಿ ಸದ್ದು ಬರುತ್ತಿದೆ ಎಂದ, ಅವಳಿಗೆ ಕಿವಿಯೇ ಇಲ್ಲವೇನೋ ಎಂಬ ಹಾಗೆ. ಅವಳು ಜ್ಯಾಕ್ ಏರಿಸಿ ಎಡಗಡೆಯ ಮುಂದಿನ ಚಕ್ರ ಬಿಚ್ಚಿದಳು. ಟಾರ್ಚು ಹಿಡಿದು ಒಳಮೈ ನೋಡಿದಳು.

ರಬ್ಬರು ಸವೆದು ಟೈರಿನ ಒಳಗಿನ ನೂಲು ಕಾಣುತ್ತಿತ್ತು.

ಅವನನ್ನು ಹತ್ತಿರ ಕರೆದು, ಮಣಿಕಟ್ಟು ಹಿಡಿದು, ಬೆರಳನ್ನು ಆ ಸವೆದ ಜಾಗದ ಮೇಲೆ ಒತ್ತಿದಳು.

“ಇನ್ನೊಂದು ಇಳಿಜಾರು ತಡೀತಿರಲಿಲ್ಲ ಇದು. ಕ್ವಾರಿ ಪಕ್ಕ ಒಡೆದಿದ್ರೆ ನಿಮ್ಮ ಎಮ್ಮೆಗಳೇ ಬಂದು ನಿಮ್ಮನ್ನ ಎತ್ಬೇಕಿತ್ತು.”

“ನೀವೇ ಎದುರಿಗೆ ಹೋಗಿ ಅಂದ್ರಲ್ಲ.”

“ಬಾವಿಗೆ ಬೀಳಿ ಅಂದಿದ್ರೆ?”

ಅವನು ನಿಜವಾಗಿಯೂ ಯೋಚಿಸಿದ. “ಆಳ ಎಷ್ಟು ಅಂತ ಕೇಳ್ತಿದ್ದೆ.”

ಕುರ್ಚಿಯಿಂದ ಅಪ್ಪನ ಕೆಮ್ಮು ಕೇಳಿಸಿತು. ನಗುವನ್ನು ಕೆಮ್ಮು ಮಾಡುವುದು ಅಪ್ಪನಿಗೆ ಹಳೆಯ ಅಭ್ಯಾಸ. ಅವಳು ಹಿಡಿದ ಮಣಿಕಟ್ಟನ್ನು ಆಗ ನೆನಪಾದವಳಂತೆ ಬಿಟ್ಟಳು. ಅವನ ಅಂಗಿಯ ತೋಳಿನ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದ್ದವು. ಅವನು ಅದನ್ನು ನೋಡಿದ, ಒರೆಸಿಕೊಳ್ಳಲಿಲ್ಲ. ಅದೂ ಅವಳಿಗೆ ಸಿಟ್ಟು ತಂದಿತು.

ಕಟ್ಟೆ ಒಡೆದ ಹಾಗೆ ಎಲ್ಲವೂ ಹೊರಬಂತು. ಒಂಬತ್ತು ತಿಂಗಳಲ್ಲಿ ಒಂಬತ್ತು ಸಲ ತನ್ನ ಕೆಲಸವನ್ನು ತೂಗಿ ನೋಡಿದ್ದು, ಒಂಬತ್ತು ಸಲವೂ ಒಂದು ತಪ್ಪು ಸಿಗದಿದ್ದದ್ದು, ತನ್ನ ಮಾತು ಬಿಟ್ಟು ಎದುರಿನವರ ಬ್ಲೇಡನ್ನು ನಂಬಿದ್ದು. ಕೊನೆಗೆ ಹೇಳಿದಳು:

“ಊರೆಲ್ಲ ನನ್ನನ್ನ ಅಕ್ಕ ಅನ್ನುತ್ತೆ. ನೀವು ಒಂದು ದಿನ, ಬಾಯಿಮಾತಿಗಾದರೂ ಅಂದಿಲ್ಲ. ಅಷ್ಟು ಬಿಗುಮಾನ ಯಾಕೆ ಡಾಕ್ಟ್ರೇ?”

ಅಪ್ಪನ ಕೆಮ್ಮು ನಿಂತಿತು. ಡಾಕ್ಟರು ನೆಲ ನೋಡಿದ, ಜ್ಯಾಕ್ ನೋಡಿದ, ಆಮೇಲೆ ಬೇರೆ ದಾರಿಯಿಲ್ಲದೆ ಅವಳನ್ನು ನೋಡಿದ.

“ಅಕ್ಕ ಅಂದ್ಬಿಟ್ರೆ ಆಮೇಲೆ ಬೇರೆ ಏನೂ ಅನ್ನೋ ಹಾಗಿರಲ್ಲ.”

ಸ್ಪ್ಯಾನರ್ ಅವಳ ಕೈಯಲ್ಲೇ ಉಳಿಯಿತು.

“ಮತ್ತೆ ಅಲೈನ್‌ಮೆಂಟು?”

“ಗಾಳಿ ತುಂಬಿಸೋಕೆ ಐದೇ ನಿಮಿಷ,” ಎಂದ ಅವನು ಮೆಲ್ಲಗೆ. “ಅದಕ್ಕೆ ಅರ್ಧ ಗಂಟೆ ಆಗುತ್ತೆ.”

ಕೋಪ ಇಳಿಯಿತೆಂದು ನೀವು ತಿಳಿದರೆ ಅದು ತಪ್ಪು. ಕೋಪಕ್ಕೆ ಕಾಲೂರಲು ಜಾಗ ಸಿಗಲಿಲ್ಲ, ಅಷ್ಟೇ. ಆ ಒಂಬತ್ತು ಗುರುವಾರ ಎರಡು ಗಂಟೆಯ ಊಟ ಬಿಟ್ಟು ಗಾಡಿಯ ಕೆಳಗೆ ಮಲಗಿದ್ದವಳು ತಾನು ಎಂದು ಅವಳು ಗದರಿದಳು. ಗೊತ್ತು, ಅದಕ್ಕೇ ನಾನು ಆಮೇಲಾಮೇಲೆ ಮೂರು ಗಂಟೆಗೆ ಬರತೊಡಗಿದೆ, ಆದರೆ ಆಗಲೂ ನೀವು ಉಂಡಿರುತ್ತಿರಲಿಲ್ಲ ಎಂದ ಅವನು.

“ಮೂರರ ತನಕ ಯಾಕೆ ಉಂಡಿರಲಿಲ್ಲ ಅಂತ ಅವಳನ್ನೇ ಕೇಳಿ ಡಾಕ್ಟ್ರೇ,” ಎಂದ ಅಪ್ಪ, ರಸ್ತೆಯ ಕಡೆ ನೋಡುತ್ತ.

“ಅಪ್ಪಾ, ನೀನು ಸುಮ್ನಿರು.”

ಅಪ್ಪ ಸುಮ್ಮನಾದ. ಹೇಳಬೇಕಾದದ್ದನ್ನು ಹೇಳಿ ಆಗಿತ್ತು.

ಮುಖ ಕೆಂಪಾದವಳಿಗೆ ಅವಿತುಕೊಳ್ಳಲು ಕೆಲಸಕ್ಕಿಂತ ಒಳ್ಳೆಯ ಮರೆಯಿಲ್ಲ. ಅವಳು ಒಳಗಿನಿಂದ ನಾಲ್ಕು ಟೈರು ಉರುಳಿಸಿಕೊಂಡು ಬಂದಳು. ಒಂದೇ ಸೈಜ್ ದೊಡ್ಡವು. ಉರುಳುವಾಗ ಅವುಗಳ ಮೇಲಿನ ಚಾಕ್‌ಪೀಸಿನ ಅಕ್ಷರ ತಲೆಕೆಳಗಾಗಿ ನೆಟ್ಟಗಾಗಿ ಮತ್ತೆ ತಲೆಕೆಳಗಾಯಿತು: ‘ಡಾಕ್ಟ್ರಿಗೆ, ಮಾರಬಾರದು.’ ಅವನು ಎದುರಿಗೆ ಹೋದ ಮಾರನೆಯ ದಿನವೇ ತರಿಸಿಟ್ಟಿದ್ದಳು. ಒರೆಸಿಹಾಕಲು ಮರೆತಿದ್ದಳು. ಅವನು ಓದಿದ. ಓದಿದ್ದನ್ನು ಅವಳು ಕಂಡಳು.

“ಏನು ನೋಡ್ತೀರಾ? ಆ ಕಡೆ ನಿಲ್ಲಿ, ಬೆಳಕಿಗೆ ಅಡ್ಡ.”

ಅವನು ಆ ಕಡೆ ನಿಂತ. ಕೇಳದೆಯೇ ಒಂದೊಂದಾಗಿ ನಟ್ಟುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ, ಅವು ಮಣ್ಣಿಗೆ ಬೀಳದಿರಲೆಂದು. ಬೇಕಾದಾಗ ಅವಳು ನೋಡದೆ ಕೈ ಚಾಚಿದರೆ ನಟ್ಟು ಅಲ್ಲಿರುತ್ತಿತ್ತು.

ಟೈರು ಕೂರಿಸಿದ ಮೇಲೆ ಈ ಸಲ ಅಲೈನ್‌ಮೆಂಟ್ ನಿಜವಾಗಿಯೂ ಬೇಕಿತ್ತು. ಅದಕ್ಕೆ ಅರ್ಧ ಗಂಟೆಯೇ ಹಿಡಿಯಿತು. ಆಮೇಲೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಅವಳೇ ತಿರುಗಿಸಿ ಕಿವಿಗೊಟ್ಟಳು. ಸದ್ದಿಲ್ಲ.

ಅಷ್ಟರಲ್ಲಿ ಅವನ ಫೋನು. ಗುಡ್ಡದ ಹಟ್ಟಿಯಲ್ಲಿ ಹಸುವೊಂದು ಬೆಳಗಿನಿಂದ ಕರು ಹಾಕಲಾರದೆ ಒದ್ದಾಡುತ್ತಿದೆಯಂತೆ, ಈಗಲೇ ಹೊರಡಬೇಕಂತೆ. ಅವನು ಗಾಡಿ ಹತ್ತಿದ. ಅವಳು ಕುಕ್ಕರಗಾಲಲ್ಲಿ ಕುಳಿತು ಪ್ರತಿ ನಟ್ಟನ್ನೂ ಇನ್ನೊಮ್ಮೆ ಬಿಗಿದಳು. ಕ್ವಾರಿಯ ತಿರುವಿನಲ್ಲಿ ಮೂವತ್ತು ದಾಟಿದರೆ ಕಾಲು ಮುರಿಯುವುದಾಗಿ ಚಕ್ರಕ್ಕೆ ಹೇಳುವಂತೆ ಹೇಳಿದಳು.

ಅವನು ಕಿಟಕಿ ಇಳಿಸಿ, ಮುಂದಿನ ಗುರುವಾರ ಬರಬಹುದೇ ಎಂದು ಕೇಳಿದ.

“ಅಲೈನ್‌ಮೆಂಟಿಗೆ ಬರಬೇಡಿ,” ಎಂದಳು.

ಅವನ ಮುಖ ಬಾಡಿತು. ಗೇರಿನ ಮೇಲಿದ್ದ ಕೈ ಅಲ್ಲೇ ನಿಂತಿತು.

ಅವಳು ತಿರುಗಿ, ಪೇರಿಸಿದ ಟೈರುಗಳ ಬಳಿ ಹೋದಳು. ಈಗ ತುದಿಗಾಲಲ್ಲಿ ನಿಲ್ಲಬೇಕಿರಲಿಲ್ಲ. ಟೊಳ್ಳಿನೊಳಗೆ ಕೈ ಇಳಿಬಿಟ್ಟು ಇನ್ನೂ ತೆರೆಯದ ತನ್ನ ಊಟದ ಡಬ್ಬಿ ತೆಗೆದಳು, ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದಳು, ಸೆರಗಿಲ್ಲದ ಕೆಲಸದ ಅಂಗಿಯ ತುದಿಯಿಂದ ಅದರ ಧೂಳು ಒರೆಸಿದಳು. ಬಂದು, ಕಿಟಕಿಯೊಳಗೆ ಕೈ ಚಾಚಿ, “ಖಾಲಿ ಡಬ್ಬಿ ಗುರುವಾರ ತನ್ನಿ,” ಎಂದು ಅವನ ಕೈಗೆ ಕೊಟ್ಟಳು.