ಕಾಳುಮೆಣಸು ಹಾಕಿದ ಕರ್ಪೂರ

ಮೊದಲ ಮೂವತ್ತೆಂಟು ಉತ್ತರಗಳೂ ಸರಿ. ಅಲ್ಲಿಂದಾಚೆ ಹಾಳೆ ಖಾಲಿ.

ಬಿಜೈಯ ಚಕ್ರಪಾಣಿ ಸರ್ ಕೋಚಿಂಗ್ ಸೆಂಟರಿನಲ್ಲಿ ಮಾಕ್ ಟೆಸ್ಟ್ ಮುಗಿದ ಕೂಡಲೇ ಪಕ್ಕದವರ ಹಾಳೆ ತಿದ್ದುವ ಪದ್ಧತಿ. ಚಿನ್ಮಯಿಗೆ ಸಿಕ್ಕಿದ್ದು ಹೊಸದಾಗಿ ಸೇರಿದ ಮುಕುಂದನ ಹಾಳೆ. ಅವಳು ತಲೆ ಎತ್ತಿ ಅವನನ್ನು ನೋಡಿದಳು. ಹಣೆಯ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಕಣ್ಣು ಕಿಟಕಿಯ ಆಚೆ ಎಲ್ಲೋ ಇತ್ತು.

"ನಿದ್ದೆ ಬಂತಾ?" ಎಂದಳು.

"ಇಲ್ಲ."

"ಮತ್ತೆಂತ ಆಯ್ತು?"

"ಕರ್ಪೂರ."

ತಮಾಷೆ ಮಾಡುತ್ತಿದ್ದಾನೆಂದು ಚಿನ್ಮಯಿಗೆ ಸಿಟ್ಟು ಬಂತು. ಅವನ ಮುಖದಲ್ಲಿ ಮಾತ್ರ ತಮಾಷೆಯ ಸುಳಿವಿರಲಿಲ್ಲ.

"ಘನ ವಸ್ತು ದ್ರವವಾಗದೆ ನೇರ ಆವಿಯಾಗುವುದಕ್ಕೆ ಉದಾಹರಣೆ ಕೇಳಿದ್ದಾರೆ. ಉತ್ತರ ಕರ್ಪೂರ, ಅದು ಗೊತ್ತುಂಟು. ಆದ್ರೆ ನಮ್ಮ ದೇವಸ್ಥಾನದಲ್ಲಿ ಕರ್ಪೂರದ ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕಿಡ್ತಾರೆ, ಹಾರಿಹೋಗದಿರಲಿ ಅಂತ. ಕಾಳುಮೆಣಸು ಅಲ್ಲಿ ಎಂತ ಮಾಡ್ತದೆ? ಕರ್ಪೂರವನ್ನು ಹೇಗೆ ತಡೀತದೆ? ಯೋಚನೆ ಮಾಡ್ತಾ ಕೂತೆ. ಅಷ್ಟರಲ್ಲಿ ಬೆಲ್ ಆಯ್ತು."

ಚಿನ್ಮಯಿ ನಕ್ಕಳು. ಅವನೂ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಸಣ್ಣದಾಗುವುದನ್ನು ಅವಳು ಗಮನಿಸಿದಳು. ಗಮನಿಸಬೇಕಾದ ಅಗತ್ಯ ಏನೂ ಇರಲಿಲ್ಲ.

ಮುಕುಂದ ಮಣ್ಣಗುಡ್ಡದ ಅರ್ಚಕರ ಮನೆಯ ಹುಡುಗ. ಅಣ್ಣನಿಗೆ ಪೂಜೆ, ತಮ್ಮನಿಗೆ ಸರಕಾರಿ ನೌಕರಿ ಎಂದು ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು. ಬೆಳಿಗ್ಗೆ ಅಣ್ಣನಿಗೆ ನೆರವಾಗಿ, ಆಮೇಲೆ ಇಲ್ಲಿಗೆ ಬರುತ್ತಿದ್ದ. ಇಬ್ಬರೂ ಓದುತ್ತಿದ್ದುದು ಲ್ಯಾಬ್ ಅಸಿಸ್ಟೆಂಟ್ ಹುದ್ದೆಗೆ. ಚಿನ್ಮಯಿಗೆ ಇನ್ನೂ ಎರಡು ಅವಕಾಶಗಳಿದ್ದವು. ಮುಕುಂದನಿಗೆ ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದೇ ಕೊನೆಯದು. ಹಿಂದಿನ ಎರಡು ಸಲ ಅವನನ್ನು ಮುಳುಗಿಸಿದ್ದೂ 'ಯಾಕೆ' ಎಂದು ಯೋಚಿಸುತ್ತಾ ಕೂರುವ ಇದೇ ಚಟ.

"ನಾನು ಸರಿ ಮಾಡ್ತೇನೆ ನಿಮ್ಮನ್ನು," ಎಂದು ಚಿನ್ಮಯಿ ಒಂದು ದಿನ ಘೋಷಿಸಿದಳು. ಅವಳ ವಿದ್ಯೆಯೇ ಬೇರೆ. ಪ್ರಶ್ನೆ ಅರ್ಧ ಓದುವಷ್ಟರಲ್ಲಿ ಉತ್ತರ ತುದಿ ನಾಲಿಗೆಯಲ್ಲಿರುತ್ತಿತ್ತು. ಒತ್ತಡದ ಮಾನ? ಪಾಸ್ಕಲ್. ಹಾಲಿನ ಸಾಂದ್ರತೆಗೆ? ಲ್ಯಾಕ್ಟೋಮೀಟರ್. ಯಾಕೆ, ಹೇಗೆ ಎಂಬ ಗೊಡವೆಗೆ ಹೋದವಳೇ ಅಲ್ಲ. "ಒಂದೇ ರೂಲ್. ಪ್ರತಿ 'ಯಾಕೆ'ಗೂ ನನಗೆ ಒಂದು ಪ್ಲೇಟ್ ಗೋಳಿಬಜೆ."

"ಯಾಕೆ?" ಎಂದ ಮುಕುಂದ.

"ಇವತ್ತಿನದ್ದು ಆಯ್ತು. ನಡೀರಿ."

ಮೊದಲ ವಾರಗಳಲ್ಲಿ ಚಿನ್ಮಯಿಗೆ ದಿನವೂ ಹಬ್ಬ. ಸೆಂಟರಿನ ಕೆಳಗಿನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಅವಳು ಬಿಸಿ ಬಜೆಯನ್ನು ಚಟ್ನಿಗೆ ಅದ್ದುವಳು. ಅವನು ಎದುರು ಕೂತು, ಎಣ್ಣೆಗೆ ಬಿದ್ದ ಹಿಟ್ಟು ಯಾಕೆ ಗುಂಡಗಾಗುತ್ತದೆ, ಪ್ರೆಷರ್ ಕುಕ್ಕರಿನಲ್ಲಿ ಬೇಳೆ ಯಾಕೆ ಬೇಗ ಬೇಯುತ್ತದೆ ಎಂದು ಕೇಳುವನು. "ನಾಳೆಯದ್ದೂ ಗ್ಯಾರಂಟಿ ಆಯ್ತು," ಎಂದು ಅವಳು ಹುಬ್ಬು ಹಾರಿಸುವಳು. ಅವನು ನಾಚಿ ಚಹಾದ ಲೋಟದೊಳಗೆ ನೋಡುವನು. ಆ ನೋಟ ಮತ್ತೆ ಮೇಲೆ ಬರುವುದನ್ನೇ ಅವಳು ಕಾಯುತ್ತಿದ್ದಳು. ಬಂದ ಕೂಡಲೇ ತಾನು ಬೇರೆ ಕಡೆ ನೋಡುತ್ತಿದ್ದಳು.

ಕ್ರಮೇಣ ಬಜೆ ಕಡಿಮೆಯಾಯಿತು. ಮುಕುಂದನ ಹಾಳೆ ತುಂಬತೊಡಗಿತು. ಒಂದು ಶನಿವಾರ ಟೆಸ್ಟ್ ಮುಗಿಯಲು ಇನ್ನೂ ಸಮಯವಿರುವಾಗಲೇ ಪೆನ್ ಕೆಳಗಿಟ್ಟ. ಚಕ್ರಪಾಣಿ ಸರ್ ಎಲ್ಲರ ಎದುರು ಬೆನ್ನು ತಟ್ಟಿದರು. ಚಿನ್ಮಯಿಯ ಎದೆ ಹಿಗ್ಗಿತು. ಅಂದು ಸಂಜೆ ಬಜೆಯಿಲ್ಲದ ಬರೀ ಚಹಾ ಮಾತ್ರ ಯಾಕೋ ಸಪ್ಪೆಯಾಗಿತ್ತು.

ಭಾನುವಾರ ಪಣಂಬೂರು ಬೀಚಿಗೆ ಹೋದರು. ಓದಿ ಓದಿ ತಲೆ ಬಿಸಿಯಾಗಿದೆ ಎಂಬುದು ನೆಪ. ಕಡಲಿನ ಗಾಳಿ ಅವಳ ಶಾಲನ್ನು ಎಳೆಯುತ್ತಿತ್ತು.

"ನೋಡಿ, ಹಗಲು ಗಾಳಿ ಕಡಲಿನಿಂದ ಬರ್ತದೆ, ರಾತ್ರಿ ತಿರುಗಿ ಹೋಗ್ತದೆ. ಯಾಕಿರಬಹುದು?" ಎಂದಳು, ಬೇಕೆಂದೇ.

"ನೀರಿನ ವಿಶಿಷ್ಟ ಉಷ್ಣ ಜಾಸ್ತಿ. ಆಪ್ಷನ್ ಬಿ," ಎಂದ ಮುಕುಂದ. ಅವನ ಕಣ್ಣು ಮೊಬೈಲಿನ ಕ್ವಿಜ್ ಆ್ಯಪ್ ಮೇಲಿತ್ತು.

ಉತ್ತರ ಸರಿಯಾಗಿಯೇ ಇತ್ತು. ಚಿನ್ಮಯಿಗೆ ಮಾತ್ರ ಅಳು ಬಂದಂತಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು ಅವಳ ಕಥೆ. ಯಾವ ಹುಡುಗನ ಯಾವ ಗುಣಕ್ಕೆ ಮನಸೋತಿದ್ದಳೋ ಅದನ್ನೇ ಕೈಯಾರೆ ಸವರಿಹಾಕಿದ್ದಳು. ಮನಸೋತಿದ್ದೇನೆ ಎಂಬುದೂ ಅವಳಿಗೆ ತಿಳಿದದ್ದು ಆಗಲೇ.

ಮನೆಗೆ ಬಂದವಳೇ ದೇವರ ಕೋಣೆಯಿಂದ ಕರ್ಪೂರ ತಂದು ಎರಡು ಪುಟ್ಟ ಡಬ್ಬಿಗಳಲ್ಲಿ ಸಮವಾಗಿ ಹಾಕಿದಳು. ಒಂದಕ್ಕೆ ಮಾತ್ರ ಕಾಳುಮೆಣಸು. ಎರಡಕ್ಕೂ ಬಿಗಿ ಮುಚ್ಚಳ.

"ಎಂತ ಮಾಡ್ತಿದ್ದೀ?" ಎಂದರು ಅಮ್ಮ ರಮಾದೇವಿ.

"ಯಾಕೆ ಅಂತ ನೋಡ್ತಿದ್ದೇನೆ."

"ಎಂತದು ಯಾಕೆ?"

"ಅದೇ ಗೊತ್ತಿಲ್ಲಮ್ಮ, ಅದಕ್ಕೇ ನೋಡುವುದು."

ತಿಂಗಳಾದ ಮೇಲೆ ತೆರೆದರೆ ಎರಡರಲ್ಲೂ ಕರ್ಪೂರ ಕಣ್ಣಿಗೆ ಒಂದೇ ಸಮ. ಹಾಗಾದರೆ ಕಾಯ್ದದ್ದು ಮೆಣಸಲ್ಲ, ಮುಚ್ಚಳ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಂತೋಷವಾಗಬಹುದೆಂದು ಅವಳು ಎಣಿಸಿರಲಿಲ್ಲ. ಕೂಡಲೇ ಮುಕುಂದನಿಗೆ ಹೇಳಬೇಕೆಂದು ಮೊಬೈಲ್ ಕೈಗೆತ್ತಿಕೊಂಡಳು. ಪರೀಕ್ಷೆಗೆ ಇನ್ನು ನಾಲ್ಕೇ ದಿನ. ಹೇಳಿದರೆ ಅವನು ಮತ್ತೆ ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತಾನೆ. ತುಟಿ ಕಚ್ಚಿಕೊಂಡು ಮೊಬೈಲ್ ಕೆಳಗಿಟ್ಟಳು.

ಪರೀಕ್ಷೆ ಬಜಪೆಯ ಒಂದು ಕಾಲೇಜಿನಲ್ಲಿ ನಡೆಯಿತು. ಹೊರಗೆ ಬಂದ ಮುಕುಂದನ ಮುಖ ಅರಳಿತ್ತು. "ಎಲ್ಲ ಮುಗಿಸಿದೆ ಮಾರಾಯ್ರೆ. ನಿಮ್ಮದು?"

"ನನ್ನದು ಹೋಯ್ತು," ಎಂದು ಚಿನ್ಮಯಿ ನಕ್ಕಳು. "ತುಂಬಿದ ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುತ್ತದಾ ಅಂತ ಕೇಳಿದ್ರಲ್ಲ. ಚೆಲ್ಲುವುದಿಲ್ಲ ಅಂತ ಹೈಸ್ಕೂಲಿನಿಂದ ಬಾಯಿಪಾಠ. ಇವತ್ತು ಯಾಕೆ ಅಂತ ಅನಿಸಿತು. ತೇಲುವಾಗ ಐಸು ನೀರಿನಲ್ಲಿ ಎಷ್ಟು ಜಾಗ ಹಿಡಿದಿತ್ತೋ, ಕರಗಿದ ಮೇಲೆ ಅಷ್ಟೇ ಜಾಗದಲ್ಲಿ ಹಿಡಿಸ್ತದೆ. ಎಷ್ಟು ಚೆಂದ ಅಲ್ವಾ? ಅದು ಹೊಳೆಯುವಷ್ಟರಲ್ಲಿ ಟೈಮ್ ಮುಗಿದಿತ್ತು."

ಮುಕುಂದ ಅವಳನ್ನೇ ನೋಡಿದ. ಕಿಟಕಿಯಾಚೆಗೆ ಮೀಸಲಾಗಿದ್ದ ಆ ನೋಟ ಅಂದು ಮೊದಲ ಬಾರಿಗೆ ಅವಳ ಮೇಲೆ ಬಂದು ನಿಂತಿತು. ಅವನ ಬಾಯಿಂದ ಒಂದು 'ಯಾಕೆ'ಯೂ ಬರಲಿಲ್ಲ. ಕರ್ಪೂರದ ವಿಷಯ ಹೇಳಿದಾಗಲೂ "ಹೌದಾ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ನಿಮ್ಮ ಪರೀಕ್ಷೆಯನ್ನು ನಾನೇ ಹಾಳು ಮಾಡಿದೆ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಅವನ 'ಯಾಕೆ'ಯನ್ನು ಹಾಳು ಮಾಡಿದ ಚಿನ್ಮಯಿಯದೂ ಅದೇ ಸಂಕಟ.

ಫಲಿತಾಂಶದಲ್ಲಿ ಅವನ ಹೆಸರಿತ್ತು, ಅವಳದಿರಲಿಲ್ಲ. ಪೋಸ್ಟಿಂಗ್ ಕಾರವಾರಕ್ಕೆ ಬಂತು.

ಬಿಜೈ ಬಸ್ ಸ್ಟ್ಯಾಂಡಿಗೆ ಬೀಳ್ಕೊಡಲು ಹೋಗುವಾಗ, ಏನೂ ಹೇಳಬಾರದೆಂದೇ ಚಿನ್ಮಯಿ ನಿರ್ಧರಿಸಿದ್ದಳು. ಮುಕುಂದ ಬ್ಯಾಗ್ ಒಳಗಿಟ್ಟು ಬಸ್ಸಿನ ಮೆಟ್ಟಿಲ ಮೇಲೆ ನಿಂತ. ಕೆಲಸಕ್ಕೆ ಸೇರುವುದು ಮರುದಿನ. ಬಸ್ಸಿನ ಎಂಜಿನ್ ಶುರುವಾಯಿತು.

"ಹುಷಾರು," ಎಂದಳು. "ಊಟ ಸರಿ ಮಾಡಿ." ಮತ್ತೆ ತನಗೇ ತಿಳಿಯದಂತೆ, "ನನಗೆ ನೀವು ಇಷ್ಟ ಮುಕುಂದ. ತುಂಬಾ ಇಷ್ಟ," ಎಂದುಬಿಟ್ಟಳು.

ಅವನ ಎಡಗಣ್ಣು ಸಣ್ಣದಾಯಿತು. ಆಮೇಲೆ ಬಲಗಣ್ಣು.

"ಯಾಕೆ?" ಎಂದ.

ಎಷ್ಟೋ ದಿನಗಳ ನಂತರ ಆ ಪದ. ಚಿನ್ಮಯಿಯ ಕಣ್ಣು ತುಂಬಿ ಬಂತು.

"ನನಗೆ ಸ್ವಲ್ಪ ಟೈಮ್ ಬೇಕು," ಎಂದಳು. "ಇದು ಒಂದು ಗೆರೆಯ ಉತ್ತರ ಅಲ್ಲ."

ಕಂಡಕ್ಟರ್ ಸೀಟಿ ಊದಿದ. "ಹತ್ತುವುದಾ, ಇಳಿಯುವುದಾ?"

ಮುಕುಂದ ಒಳಗೆ ಹೋಗಿ ಬ್ಯಾಗ್ ತೆಗೆದುಕೊಂಡು ಕೆಳಗಿಳಿದ. ಬಸ್ಸು ಹೊರಟುಹೋಯಿತು.

"ಕಾರವಾರಕ್ಕೆ ಸಂಜೆಗೂ ಬಸ್ಸುಂಟು," ಎಂದ. ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಬ್ಯಾಗನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿದ. "ನಿಧಾನಕ್ಕೆ ಹೇಳಿ. ನನಗೆ ಪೂರ್ತಿ ಕೇಳಲಿಕ್ಕುಂಟು."